ಕುದುರೆ ಉಪವಾಸ ಹಿಡಿದದ್ದು

ನಾನು ದನದ ಡಾಕ್ಟರು; ಎಮ್ಮೆ, ಎತ್ತು ನೋಡಿದ ಕೈ ನನ್ನದು. ಇಜೇರಿ ಕಡೆಯ ಒಂದು ಊರಿಂದ ಕುದುರೆ ಕುಂಟುತ್ತಿದೆ ಎಂದು ಕರೆ ಬಂದಾಗ ಕುತೂಹಲಕ್ಕೇ ಓಡಿದೆ. ಗುಡಿಗೆ ಬಿಟ್ಟ ಗಂಡು ಕುದುರೆ. ಹೆಣ್ಣು ಕುದುರೆಯ ಮುಖ ಕಂಡಿಲ್ಲ, ಹೊರೆ ಹೊತ್ತಿಲ್ಲ. ಡೊಳ್ಳಿನಂಥ ಹೊಟ್ಟೆ, ಗೊರಸು ಮುಟ್ಟಿದರೆ ಬಿಸಿ.

"ಏನ್ ತಿನಸ್ತೀರಿ?" ಎಂದೆ.

"ನಾ ಏನೂ ತಿನಸಂಗಿಲ್ರಿ ಸಾಹೇಬ್ರ," ಎಂದರು ಪೂಜಾರಿ ಮಲ್ಲಪ್ಪ. "ಮನಿಮನಿಯಿಂದ ಬರ್ತದ. ಹೋಳಿಗಿ, ಕಡ್ಲಿ, ಬೆಲ್ಲ."

ಬೀಜಕ್ಕೆ ಬಿಡದ, ದುಡಿಯದ ಕುದುರೆಗೆ ಒಣಹುಲ್ಲು, ನೀರು, ಒಂಚೂರು ಉಪ್ಪು ಸಾಕು, ಸಿಹಿ, ಕಾಳು ಹೆಚ್ಚಾಗಿಯೇ ಗೊರಸು ಬಿಸಿಯಾಗಿದೆ, ಹೀಗೇ ತಿನ್ನಿಸಿದರೆ ಕಾಲೇ ಹೋಗುತ್ತದೆ ಎಂದೆ.

ಮಲ್ಲಪ್ಪ ತಲೆ ಕೆರೆದುಕೊಂಡರು. "ದೇವರ ಕುದುರಿಗಿ ತಂದದ್ದು ಬ್ಯಾಡ ಅಂದ್ರ ಹೆಣ್ಮಕ್ಕಳು ನನ್ನ ಬಿಡ್ತಾರೇನ್ರಿ?" ಆಮೇಲೆ ದಾರಿಯೂ ಅವರಿಗೇ ಹೊಳೆಯಿತು. "ಕುದುರಿ ಉಪಾಸ ಮಾಡಾಕತ್ತದ ಅಂತೀನಿ."

ಇಂಥ ಔಷಧ ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಮೆಚ್ಚಿಕೊಂಡು ಬಂದೆ.

ಮುಂದಿನ ವಾರ ಹೋದರೆ ಹೊಟ್ಟೆ ಇನ್ನಷ್ಟು ಉಬ್ಬಿದೆ. ಹೋಳಿಗೆ ನಿಜಕ್ಕೂ ನಿಂತಿತ್ತು. ಕುದುರೆಯ ಮುಂದೆ ಸಾಲಾಗಿ ತಾಟುಗಳಿದ್ದವು. ಸಾಬೂದಾಣಿ ಖಿಚಡಿ, ಶೇಂಗಾ ಉಂಡಿ, ಬಾಳೆಹಣ್ಣು.

ಇನ್ನೊಂದು ತಾಟು ಇಡುತ್ತಿದ್ದ ಅಜ್ಜಿ ನನ್ನತ್ತ ತಿರುಗಿ, "ಪಾಪ, ಉಪಾಸ ಅದರಿ. ಹಸಕೊಂಡ ಇರಬಾರದಲ್ರಿ," ಎಂದಳು.

ಮಲ್ಲಪ್ಪ ನನ್ನನ್ನು ಪಕ್ಕಕ್ಕೆ ಕರೆದು, "ಹಂಗಾದ್ರ ಉಪಾಸ ಮುಗೀತು ಅಂತ ಹೇಳ್ಲೇನ್ರಿ?" ಎಂದು ಕೇಳಿದರು.

ಮಾರಾಯರೇ, ಅದೊಂದು ಮಾತ್ರ ಬೇಡ ಎಂದು ಕೈಮುಗಿದೆ. ಉಪವಾಸ ಬಿಡುವ ದಿನದ ಅಡುಗೆ ಎಂಥದ್ದೆಂದು ನಮ್ಮ ಮನೆಯಲ್ಲೇ ಉಂಡು ಗೊತ್ತಿದೆ.