ನಟ್ಟಿನ ಮೇಲಿನ ಕೆಂಪು ಗೀಟು

ಇಂಗ್ಲೆಂಡಿನ ಸೊಲಿಹಲ್‌ನಲ್ಲಿ ಮಗಳ ಮನೆಯ ಗ್ಯಾರೇಜಿನೊಳಗೆ ಒಂದು ಹಳೇ ಜೀಪು ಎರಡು ವರ್ಷ ಬಿಚ್ಚಿಕೊಂಡು ಬಿದ್ದಿತ್ತು. ಇಂಜಿನಿಯರ್ ಅಳಿಯನಿಗೆ ಮೊರಾಕೋ ಮರಳುಗಾಡಿನಲ್ಲಿ ರೇಸು ಓಡಿಸುವ ಹುಚ್ಚು. ಜೊತೆಗಾರ ಪಕ್ಕದ ಬೀದಿಯ ಬಿಳಿಯ, ಮೆಕ್ಯಾನಿಕ್ಕು. ಅಳಿಯ ಓಡಿಸುವುದು, ಅವನು ದಾರಿ ಹೇಳುವುದು, ಕೆಟ್ಟಿದ್ದನ್ನು ಇಬ್ಬರೂ ಮರಳಿನಲ್ಲೇ ರಿಪೇರಿ ಮಾಡಿಕೊಳ್ಳುವುದು.

ಆ ಬಿಳಿಯನ ಮೇಲೆ ನನಗೆ ನಂಬಿಕೆ ಇರಲಿಲ್ಲ. ನಟ್ಟು ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿ, ಅರ್ಧಕ್ಕೇ ಬಿಟ್ಟು ಬಿಸ್ಕತ್ತು ತಿನ್ನುತ್ತಿದ್ದ. ಶಿಳ್ಳೆ ಬೇರೆ. ನಾನು ಬಕೆಟ್ಟು ಕವುಚಿ ಹಾಕಿ ಬಾಗಿಲಲ್ಲಿ ಕೂತು ಅವನ ಕೈಯನ್ನೇ ನೋಡುತ್ತಿದ್ದೆ.

"ಅಮ್ಮಾ, ನೀನೇನು ಪೊಲೀಸಾ?" ಎಂದಳು ಮಗಳು.

"ನಿನ್ನ ಗಂಡ ಕೂರೋ ಗಾಡಿ ಕಣೇ. ಚಕ್ರ ಕಳಚಿಕೊಂಡ್ರೆ ಆವಾಗ ನಗು."

ಆಯುಧಪೂಜೆ ಬಂತು. ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಗ್ಯಾರೇಜಿಗೆ ಹೋದೆ. ಬಾನೆಟ್ಟಿಗೆ ಕುಂಕುಮ ಹಚ್ಚಿದರೆ ಪೇಂಟು ಹಾಳು ಎಂದು ಅಳಿಯ ಒರೆಸಿಬಿಡುತ್ತಾನೆ. ಜೀಪನ್ನು ಎತ್ತಿ ನಿಲ್ಲಿಸಿದ್ದರು. ಹಿಂದೆ ಚಾಪೆ ಹಾಕಿ ಕೂತು, ಕುಂಕುಮ ಉದುರದ ಹಾಗೆ ಎಣ್ಣೆಯಲ್ಲಿ ಕಲಸಿ, ಆ ಬಿಳಿಯ ಮುಟ್ಟಿದ್ದ ಹಿಂದಿನ ಅಚ್ಚಿನ ನಟ್ಟುಗಳಿಗೆಲ್ಲ ಒಂದೊಂದು ಗೀಟು ಎಳೆದೆ. ದೇವರಾದರೂ ಕಾಯಲಿ ಎಂದು. ಯಾರಿಗೂ ಹೇಳಲಿಲ್ಲ.

ರೇಸಿಗೆ ಎರಡು ವಾರ ಇರುವಾಗ ಜೀಪನ್ನು ಪರೀಕ್ಷೆಗೆ ಕಲ್ಲುಕ್ವಾರಿಗೆ ಒಯ್ದರು. ಹಿಂದಿನ ನಟ್ಟು ಉದುರಿ ಅಚ್ಚು ಮುರಿಯಿತು. ಇಬ್ಬರಿಗೂ ಏನೂ ಆಗಲಿಲ್ಲ. ಆ ವರ್ಷದ ರೇಸು ಹೋಯಿತು.

ಗ್ಯಾರೇಜಿನಲ್ಲಿ ಇಂಗ್ಲಿಷಿನಲ್ಲಿ ಜಗಳ ಹತ್ತಿತು. ನಾನು ಹೇಳಿರಲಿಲ್ಲವೇ, ಎಂದೆ.

"ಒಬ್ರು ಬಿಗಿದಿದ್ದನ್ನ ಇನ್ನೊಬ್ರು ಚೆಕ್ ಮಾಡಿ ಕೆಂಪು ಗೀಟು ಹಾಕ್ಬೇಕು, ಅದು ಇವರ ರೂಲು," ಎಂದಳು ಮಗಳು. "ಗೀಟು ಇದ್ರೆ ಮತ್ತೆ ಮುಟ್ಟಲ್ಲ. ಗೀಟು ಎಳೆದಿದ್ದು ನೀನೇ ಅಂತ ಇವರು ಅವನಿಗೆ, ನೀನೇ ಅಂತ ಅವನು ಇವರಿಗೆ."

ನಾನೆಳೆದ ಗೀಟೂ ಕೆಂಪೇ.

ಇನ್ನು ಬರಬೇಡ ಎಂದ ಅಳಿಯ. ಬಿಳಿಯ ಸಾಮಾನಿನ ಪೆಟ್ಟಿಗೆ ಮುಚ್ಚಿದ. ಎರಡು ವರ್ಷದಿಂದ ನಾನು ಬೇಕೆಂದಿದ್ದೂ ಅದೇ. ಬಾಯಿ ಮುಚ್ಚಿಕೊಂಡಿದ್ದರೆ ಮುಗಿದಿತ್ತು.

ಒಳಗೆ ಹೋಗಿ ಕುಂಕುಮದ ಬಟ್ಟಲು ತಂದು ಪೆಟ್ಟಿಗೆಯ ಮೇಲೆ ಇಟ್ಟೆ. "ಗೀಟು ನಂದು. ಆಯುಧಪೂಜೆ ದಿನ ಎಳೆದಿದ್ದು."

"ಅತ್ತೇ!" ಎಂದ ಅಳಿಯ.

ಮಗಳು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು. ಬಿಳಿಯ ಬಟ್ಟಲಿಗೆ ಬೆರಳದ್ದಿ ಉಜ್ಜಿ ನೋಡಿದ. ಪೆಟ್ಟಿಗೆ ಎತ್ತಿಕೊಂಡು ಹೋದ. ಬರುವುದಿಲ್ಲ ಎಂದುಕೊಂಡೆ.

ಮುಂದಿನ ಶನಿವಾರ ಬಂದ. ಕೈಯಲ್ಲಿ ಗೀಟು ಹಾಕಲು ಕೆಂಪಿನ ಬದಲು ಹಳದಿ ಪೇಂಟಿನ ಡಬ್ಬಿ.

"ಹಳದಿ ಬೇಡ ಅನ್ನು. ಅರಿಶಿನಾನೂ ಹಚ್ತೀನಿ ನಾನು," ಎಂದೆ ಮಗಳಿಗೆ.

ನೀಲಿ ತಂದರು. ನಾನು ಮತ್ತೆ ಬಕೆಟ್ಟಿನ ಮೇಲೆ ಕೂತೆ. ಅವನು ಒಂದು ನಟ್ಟು ಬಿಗಿದು ನನ್ನ ಕಡೆ ತಿರುಗಿ, ಕುಂಕುಮ ಇದೆಯೇನೋ ಎಂಬಂತೆ ನನ್ನ ಕೈ ನೋಡಿದ.