ನಮಗೆ ಹಗ್ಗ ಜಗ್ಗುವ ಜನರೇಟರ್ರೇ ಬೇಕಿತ್ತು

"ನಿಮ್ಮ ಮನಿಯವ್ರು ಬಂದಿಲ್ಲೇನ್ರಿ ಅಕ್ಕಾರ?"

ಆಳಂದದ ಅಂಗಡಿಯೊಂದರಲ್ಲಿ ನಾನು ಜನರೇಟರ್ ತೋರಿಸಿ ಅಂದ ಕೂಡಲೇ ಮಾಲೀಕರು ಕೇಳಿದ ಮೊದಲ ಪ್ರಶ್ನೆ ಇದು. ಬಂದಿರಲಿಲ್ಲ. ನನ್ನ ಗಂಡ ಜೇವರ್ಗಿಯಲ್ಲಿ ಹೈಸ್ಕೂಲ್ ಮೇಷ್ಟ್ರು. ಶನಿವಾರ ಬಂದರೆ ಸೋಮವಾರ ಮೊದಲ ಬಸ್ಸಿಗೆ ವಾಪಸ್. ಉಳಿದ ದಿನ ಕಿಣ್ಣಿ ಸುಲ್ತಾನ ಎಂಬ ಹಳ್ಳಿಯ ನಮ್ಮ ಮನೆಯಲ್ಲಿ ಇರುವವರು ಮೂವರೇ: ನಾನು, ಅತ್ತೆ, ಮಾವ. (ಕರೆಂಟ್ ಏನು ಭಾನುವಾರ ನೋಡಿಕೊಂಡು ಹೋಗುತ್ತದೆಯೇ?)

ಮಾವ ತೊಗರಿಬೇಳೆ ಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದವರು. ಆ ದೂಳು ಎದೆಯಲ್ಲೇ ಉಳಿದುಬಿಟ್ಟಿದೆ. ಈಗ ದಿನದ ಹೆಚ್ಚಿನ ಹೊತ್ತು ಮಂಚದ ಪಕ್ಕದ ಆಕ್ಸಿಜನ್ ಮಷಿನ್ ಇಲ್ಲದೆ ಅವರಿಗೆ ಆಗದು. ಕರೆಂಟ್ ಇಲ್ಲದೆ ಆ ಮಷಿನ್‌ಗೆ ಆಗದು.

ಇನ್ವರ್ಟರ್ ಇಲ್ಲವೇ ಅನ್ನುತ್ತೀರಿ. ಇದೆ. ಹೋದ ತಿಂಗಳು ಗಾಳಿಗೆ ಕಂಬ ಬಿದ್ದ ದಿನ ಅದು ಎರಡೂವರೆ ತಾಸಿಗೇ ಕೈ ಎತ್ತಿತು. ಮಷಿನ್ ಒಮ್ಮೆ ಕೂಗಿ ನಿಂತಿತು. ಮನೆಯಲ್ಲಿದ್ದ ಸಣ್ಣ ಆಕ್ಸಿಜನ್ ಸಿಲಿಂಡರ್ ಹಚ್ಚಿದೆವು. ಅದರ ಮುಳ್ಳು ಇಳಿಯುತ್ತಾ ಕೆಂಪು ಗೆರೆ ಮುಟ್ಟುವವರೆಗೂ ಅತ್ತೆ ಮಾವನ ಕೈ ಹಿಡಿದೇ ಕೂತಿದ್ದರು. ಆಗ ಕರೆಂಟ್ ಬಂತು.

ಅತ್ತೆ ಎದ್ದು ಮುಖ ತೊಳೆದುಕೊಂಡರು. "ಇನ್ನೊಮ್ಮಿ ಹಿಂಗ ಕೂಡೂದು ನನ್ನ ಕೈಲೆ ಆಗಂಗಿಲ್ಲ. ನಡಿ ಆಳಂದಕ್ಕ" ಅಂದರು.

ಮರುದಿನ ಮಾವನ ಬಳಿ ಪಕ್ಕದ ಮನೆಯ ಶಬಾನಾಳನ್ನು ಕೂರಿಸಿ ಇಬ್ಬರೂ ಹೊರಟೆವು.

ಮಾಲೀಕರು ಒಂದು ದೊಡ್ಡ ಡೀಸೆಲ್ ಜನರೇಟರ್ ತಟ್ಟಿ ತೋರಿಸಿದರು. "ಇದು ತಗೋರಿ. ಬೋರ್ ಮೋಟಾರ್ ಸೈತ ನಡೀತದ. ಊರಾಗ ಹೆಸರಾಗ್ತದ."

ಹೆಸರು ಯಾರಿಗೆ ಬೇಕಿತ್ತು? ನಡೆಯಬೇಕಾದದ್ದು ಮಷಿನ್, ಒಂದು ಫ್ಯಾನ್, ಎರಡು ಬಲ್ಬು. ಎಷ್ಟು ವ್ಯಾಟ್ ಎಂದು ಬರೆದುಕೊಂಡೇ ಹೋಗಿದ್ದೆ. ವೋಲ್ಟೇಜ್ ಏರಿಳಿತ ಆಗಬಾರದು ಅಂತಲೂ ಹೇಳಿದೆ. ಅವರು ಮನಸ್ಸಿಲ್ಲದ ಮನಸ್ಸಿನಿಂದ ಮೂಲೆಯಲ್ಲಿದ್ದ ಸಣ್ಣ ಪೆಟ್ರೋಲ್ ಜನರೇಟರ್ ಕಡೆ ಕೈ ಮಾಡಿದರು.

"ನೀವು ಹೇಳೂದು ಇದರಾಗ ಆಗ್ತದ. ಆದ್ರ ಸೆಲ್ಫ್ ಸ್ಟಾರ್ಟ್ ಇಲ್ರಿ, ಹಗ್ಗ ಜಗ್ಗಬೇಕು. ಹೆಣ್ಮಕ್ಕಳ ಕೆಲ್ಸ ಅಲ್ಲ ಅದು."

ಅಲ್ಲಿಯವರೆಗೆ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದ ಅತ್ತೆ ಎದ್ದರು. ಸೆರಗು ಸೊಂಟಕ್ಕೆ ಸಿಗಿಸಿದರು. "ಹೆಂಗ ಜಗ್ಗೂದು, ಒಮ್ಮಿ ತೋರ್ಸಪ್ಪ."

ಅವರು ತೋರಿಸಿ ಬಂದ್ ಮಾಡಿದರು. ಅತ್ತೆ ಜಗ್ಗಿದರು. ಎಂಜಿನ್ ಕೆಮ್ಮಿ ಸುಮ್ಮನಾಯಿತು. ಮತ್ತೆ ಜಗ್ಗಿದರು. ಮತ್ತೆ ಕೆಮ್ಮು. ಎದುರಿನ ಚಹಾದಂಗಡಿಯವರೆಲ್ಲ ಇತ್ತ ತಿರುಗಿದ್ದರು. ನಿಜ ಹೇಳುತ್ತೇನೆ, ನನಗೇ ಧೈರ್ಯ ಹೋಯಿತು. "ಬ್ಯಾಡ ಬಿಡ್ರಿ ಅತ್ತಿ" ಅಂದೆ.

"ನೀ ಸುಮ್ಮನಿರು."

ಮೂರನೇ ಸಲಕ್ಕೆ ಎಂಜಿನ್ ಶುರುವಾಯಿತು. ಆ ಸದ್ದಿಗಿಂತ ಜೋರಾಗಿ ಅತ್ತೆ ಹೇಳಿದರು: "ನಲವತ್ತು ವರ್ಷ ಬಾವಿ ಹಗ್ಗ ಜಗ್ಗೀನಪ್ಪ. ಆವಾಗ ಯಾರೂ ಇದು ಹೆಣ್ಮಕ್ಕಳ ಕೆಲ್ಸ ಅಲ್ಲ ಅಂದಿಲ್ಲ!"

ಮಾಲೀಕರು ಬಿಲ್ ಬುಕ್ ತೆಗೆದರು. ಬಿಲ್ ಹರಿಯುತ್ತಾ ಇನ್ನೊಂದು ಸಲಹೆ: "ಪಡಸಾಲ್ಯಾಗ ಇಡ್ರಿ, ಮಳಿ ಹತ್ತಂಗಿಲ್ಲ." ಉಸಿರಿಗೆ ಕಷ್ಟಪಡುವ ಮನುಷ್ಯನ ಪಕ್ಕ ಹೊಗೆಯೇ? ಅದು ಉಸಿರು ಸರಿ ಇದ್ದವರನ್ನೂ ಕೊಲ್ಲುತ್ತದೆ. ಈಗ ಜನರೇಟರ್ ಹಿತ್ತಲಿನ ತುದಿಯಲ್ಲಿ, ಕಿಟಕಿಗಳಿಂದ ದೂರ, ತಗಡಿನ ಸೂರಿನ ಕೆಳಗಿದೆ.

ಎರಡು ವಾರದಲ್ಲಿ ನಾಲ್ಕು ಸಲ ಕರೆಂಟ್ ಹೋಯಿತು. ಅತ್ತೆಗೆ ಒಂದೇ ಜಗ್ಗು ಸಾಕು. ನನಗೆ ಇನ್ನೂ ನಾಲ್ಕು ಬೇಕು. ಮಾವ ಮಲಗಿದಲ್ಲೇ ಬೆರಳು ಮಡಚಿ ಎಣಿಸಿ ನಗುತ್ತಾರೆ.

ಆದರೆ ಕರೆಂಟ್ ಹೋದಾಗಲೆಲ್ಲ ನಾನು ದೂರು ಕೊಡುವುದನ್ನು ನಿಲ್ಲಿಸಿಲ್ಲ. ಶಬಾನಾಳ ಮನೆಯಲ್ಲಿ ಜನರೇಟರ್ ಇಲ್ಲ. ಓಣಿಯಲ್ಲಿ ಯಾರಲ್ಲೂ ಇಲ್ಲ. ಮೊನ್ನೆ ಬುಧವಾರ ಬಂದ ಲೈನ್‌ಮನ್ ನಮ್ಮ ಹಿತ್ತಲಿನ ಸದ್ದು ಕೇಳಿ ಬೇಸರದಿಂದ ಅಂದ: "ನಿಮಗೇನ್ ಚಿಂತಿ ಅಕ್ಕಾರ? ಜನರೇಟರ್ ತಗೊಂಡೀರಲ್ಲ. ಮತ್ಯಾಕ ಫೋನ್ ಮಾಡ್ತೀರಿ?"

ನಾನು ಕೇಳಿದೆ: "ಛತ್ರಿ ತಗೊಂಡೀವಂತ ಮನಿ ಮಾಳಗಿ ಸೋರಬೇಕೇನಪ್ಪಾ?"