ಸ್ಯಾರಿ ಗಾರ್ಡಿನ ಇಂಜಿನಿಯರಮ್ಮ

ಎದುರು ಮನೆಯವರು ಹೊಸ ಬೈಕು ತಂದಿದ್ದಾರೆ. ಹೊಸ ಸೈಲೆನ್ಸರ್ ಮೊದಲ ಸಲ ಕಾದಾಗ ಒಂದು ವಾಸನೆ ಬರುತ್ತದಲ್ಲ, ಬಣ್ಣವೋ ಎಣ್ಣೆಯೋ ತಿಳಿಯದ ಹಾಗೆ, ಹಂಚಿನ ಮೇಲೆ ಏನನ್ನೋ ಮರೆತು ಬಿಟ್ಟ ಹಾಗೆ, ಅದು ಬೆಳಿಗ್ಗೆ ಕಟ್ಟೆಯ ಮೇಲೆ ಪೇಪರ್ ಹಿಡಿದು ಕೂತಿದ್ದ ನನ್ನ ಮೂಗಿಗೆ ಬಂತು. ಒಳಗಿನಿಂದ ನನ್ನ ಹೆಂಡತಿ, "ಏನೋ ಹೊತ್ತಿದ ವಾಸನಿ ಬರಾಕ ಹತ್ತೈತಿ, ಮೊದಲು ಎದ್ದು ನೋಡ್ರಿ" ಎಂದಳು. ನಾನು ಏಳಲಿಲ್ಲ. ಆ ವಾಸನೆ ನನಗೆ ಪರಿಚಯದ್ದು. ಅದು ನನ್ನನ್ನು ನೇರವಾಗಿ ಹರಪನಹಳ್ಳಿಗೆ, ನನ್ನ ತಂಗಿಯ ಮನೆಯ ಅಂಗಳಕ್ಕೆ ಕರೆದುಕೊಂಡು ಹೋಗಿ ನಿಲ್ಲಿಸಿತು.

ಬೈಕಿನ ವಿಷಯ ಮಾತಾಡಲು ನನಗೇನು ಅಧಿಕಾರ ಎಂದು ನೀವು ಕೇಳಬಹುದು. ಇದೆ. ನಾನು ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ನಿವೃತ್ತನಾದವನು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಯ ಕಡೆಗೆ ಹೋಗುವ ಯಾವ ಬಸ್ಸೂ ನನ್ನ ಮೈಕಿನ ಅಪ್ಪಣೆಯಿಲ್ಲದೆ ಹೊರಟಿದ್ದಿಲ್ಲ. ಹೊರಟಿದ್ದರೆ ನಾನು ಚಹಾಕ್ಕೆ ಹೋದಾಗ ಹೊರಟಿರಬೇಕು. ಇಷ್ಟು ದೊಡ್ಡ ಸಾರಿಗೆ ಸಾಮ್ರಾಜ್ಯ ಆಳಿದವನು ಸ್ವಂತಕ್ಕೆ ಓಡಿಸಿದ್ದು ಮಾತ್ರ ಒಂದು ಮೊಪೆಡ್ಡು. ಏರಿನಲ್ಲಿ ನಾನು ಪೆಡಲ್ ತುಳಿದು ಅದಕ್ಕೆ ನೆರವಾಗುತ್ತಿದ್ದೆ, ಇಳಿಜಾರಿನಲ್ಲಿ ಅದು ನನಗೆ ನೆರವಾಗುತ್ತಿತ್ತು. ನಮ್ಮಿಬ್ಬರ ನಡುವೆ ಎಂದೂ ಮನಸ್ತಾಪ ಬಂದಿಲ್ಲ.

ಇರಲಿ. ನನ್ನ ತಂಗಿ ಬಸಮ್ಮನನ್ನು ಹರಪನಹಳ್ಳಿಯ ಕೊಟ್ರಪ್ಪನಿಗೆ ಕೊಟ್ಟಿದೆ. ಕೊಟ್ರಪ್ಪನದು ಹಿಟ್ಟಿನ ಗಿರಣಿ. ಹುಬ್ಬಿನಿಂದ ಮೀಸೆಯವರೆಗೆ ಸದಾ ಜೋಳದ ಹಿಟ್ಟು ಬಳಿದುಕೊಂಡಿರುವ ಮನುಷ್ಯ. ಕೂದಲು ನಿಜಕ್ಕೂ ಯಾವಾಗ ನೆರೆಯಿತೋ ಯಾರಿಗೂ ಗೊತ್ತಾಗಲಿಲ್ಲ. ಇವರ ಒಬ್ಬಳೇ ಮಗಳು ಸುನಂದಾ ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಓದಿ ಒಂದು ಬೈಕ್ ಕಂಪನಿಯ ಡಿಸೈನ್ ವಿಭಾಗ ಸೇರಿದಳು. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಜಾಹೀರಾತಿಗೆಂದು ಅವರು ನನ್ನ ಫೋಟೊ ಕೇಳಿಕೊಂಡು ಬಂದಾರು.

ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ಊರಿಗೆ ಬಂದಾಗ ಅವಳು ಗಿರಣಿಯಲ್ಲಿ ಜೋಳದ ಚೀಲದ ಮೇಲೆ ಕೂತು ನಮಗೆಲ್ಲ ಪಾಠ ಹೇಳಿದಳು. ತಯಾರಾಗುತ್ತಿರುವುದು ನೇಕೆಡ್ ಬೈಕು. ಮೈ ಮುಚ್ಚುವ ಪ್ಲಾಸ್ಟಿಕ್ ಇಲ್ಲ. ಇಂಜಿನ್ನು, ಪೈಪು, ರೇಡಿಯೇಟರು, ಬೋಲ್ಟು, ಎಲ್ಲ ಹೊರಗೇ ಕಾಣುತ್ತವೆ.

"ಮುಚ್ಚಾಕ ಏನೂ ಇಲ್ಲ ಅಂದ್ರ ತಪ್ಪು ಮಾಡಾಕ ಜಾಗ ಇಲ್ಲ ಮಾವ. ಒಂದು ವೆಲ್ಡಿಂಗ್ ಸೊಟ್ಟ ಆದ್ರೂ ಊರಿಗೆಲ್ಲ ಕಾಣ್ತೈತಿ."

ಅಲ್ಲಿ ಇಂಜಿನ್ನನ್ನು ಫ್ರೇಮಿನೊಳಗೆ ಕೂರಿಸುವುದಿಲ್ಲವಂತೆ, ಇಂಜಿನ್ನೇ ಫ್ರೇಮಿನ ಒಂದು ಮೂಳೆಯಂತೆ. ಅದರ ಸುತ್ತ ಕೊಳವೆಗಳನ್ನು ತ್ರಿಕೋನ ತ್ರಿಕೋನವಾಗಿ ಹೆಣೆದಿರುತ್ತಾರೆ, ಏಕೆಂದರೆ ಚೌಕವನ್ನು ಒತ್ತಿದರೆ ಓರೆಯಾಗುತ್ತದೆ, ತ್ರಿಕೋನ ಜಗ್ಗುವುದಿಲ್ಲ. ತೂಕವನ್ನೆಲ್ಲ ನಡುವಿಗೆ ತಂದು ಕೂಡಿಹಾಕುತ್ತಾರೆ. ಹಾಗಾಗಿ ತಿರುವಿನಲ್ಲಿ ಬೈಕು ಹೇಳಿದ ಮಾತು ಕೇಳುತ್ತದೆ. ಹ್ಯಾಂಡಲ್ ಅಗಲ, ಕೂರುವ ಭಂಗಿ ನೆಟ್ಟಗೆ, ಹಿಂಭಾಗ ಮೊಟಕು. ಗಿರಣಿ ಯಂತ್ರದ ಜೊತೆ ಬಾಳುವೆ ಮಾಡಿದ ಕೊಟ್ರಪ್ಪ ತಲೆ ಆಡಿಸಿದ. ನಾನೂ ಆಡಿಸಿದೆ, ಕಂಟ್ರೋಲರ್ ಆಗಿದ್ದವನು ತಿಳಿಯಲಿಲ್ಲ ಎಂದು ಒಪ್ಪಿಕೊಳ್ಳುವುದು ಇಲಾಖೆಗೆ ಶೋಭೆಯಲ್ಲ. ಬಸಮ್ಮ ಮಾತ್ರ ಒಂದೇ ಪ್ರಶ್ನೆ ಕೇಳಿದಳು.

"ಹಿಂದ ಹೆಣ್ಮಕ್ಕಳು ಎಲ್ಲಿ ಕುಂದ್ರಬೇಕು?"

ಆ ಪ್ರಶ್ನೆಯ ಹಿಂದೆ ಒಂದು ಕತೆಯಿದೆ. ಸುನಂದಾ ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲ. ಕೊಟ್ರಪ್ಪ ಬೈಕಿನ ಪಕ್ಕಕ್ಕೆ ಹಿಟ್ಟಿನ ಚೀಲ ಕಟ್ಟಿಕೊಂಡು ಹಳ್ಳಿಗಳಿಗೆ ಕೊಟ್ಟು ಬರುತ್ತಿದ್ದ. ಚೀಲ ಕಟ್ಟಲು ಅಡ್ಡ ಬರುತ್ತದೆಂದು ಹಿಂದಿನ ಚಕ್ರದ ಎಡಗಡೆಯ ಕಬ್ಬಿಣದ ಜಾಲರಿಯನ್ನು ಬಿಚ್ಚಿ ಎಸೆದಿದ್ದ. ಅದೇ ಸ್ಯಾರಿ ಗಾರ್ಡು. ನಮ್ಮ ಕಡೆ ಹೆಂಗಸರು ಹಿಂದೆ ಕೂರುವಾಗ ಎರಡೂ ಕಾಲು ಎಡಕ್ಕೇ ಬಿಟ್ಟು ಕೂರುವವರು. ಹಾಗೆ ಕೂತು ನೀಲಗುಂದಕ್ಕೆ ಹೊರಟಿದ್ದ ಬಸಮ್ಮನ ಸೆರಗು ಒಂದು ತಿರುವಿನಲ್ಲಿ ಚಕ್ರದ ಕಡ್ಡಿಗಳಿಗೆ ಸಿಕ್ಕಿತು. ಸೆರಗಿನ ಹಿಂದೆ ಅವಳೂ ಹೋದಳು. ಮೊಣಕೈ ಮುರಿಯಿತು. ಈಗಲೂ ಅದು ಪೂರ್ತಿ ಚಾಚುವುದಿಲ್ಲ. ಅಂದಿನಿಂದ ಅವಳು ಬಸ್ಸು ಹತ್ತಿದಳು, ಟಂಟಂ ಹತ್ತಿದಳು, ತವರಿನ ಮದುವೆಯೊಂದಕ್ಕೆ ಟ್ರ್ಯಾಕ್ಟರಿನಲ್ಲೂ ಬಂದಳು. ಬೈಕು ಮಾತ್ರ ಹತ್ತಲಿಲ್ಲ. ಕೊಟ್ರಪ್ಪ ಹತ್ತು ಎಂದು ಒಮ್ಮೆಯೂ ಕರೆಯಲಿಲ್ಲ. ಊರೊಳಗೆ ಹೋಗುವಾಗ ಅವಳು ಮುಂದೆ ನಡೆಯುತ್ತಿದ್ದಳು, ಅವನು ಬೈಕನ್ನು ತಳ್ಳಿಕೊಂಡು ಹಿಂದೆ ನಡೆಯುತ್ತಿದ್ದ. ನೋಡಿದವರು ಪೆಟ್ರೋಲ್ ಮುಗಿದಿರಬೇಕು ಅಂದುಕೊಳ್ಳುತ್ತಿದ್ದರು.

ಮುಂದಿನ ಸಲ ಸುನಂದಾ ಬಂದಾಗ ಮುಖ ಸಣ್ಣದಾಗಿತ್ತು. ಅಷ್ಟರಲ್ಲಿ ನಾನು ಹಗರಿಬೊಮ್ಮನಹಳ್ಳಿಯಲ್ಲಿ ಇಡೀ ಬೈಕನ್ನು ನಮ್ಮ ಸೋದರಸೊಸೆಯೇ ಮಾಡುತ್ತಿದ್ದಾಳೆಂದು ಸಾರಿಬಿಟ್ಟಿದ್ದೆ. ಮೈಕು ಹೋಗಿದ್ದರೂ ಗಂಟಲು ಉಳಿದಿತ್ತು ನೋಡಿ. ಯಾವ ಭಾಗ ಕೊಟ್ಟರು, ಇಂಜಿನ್ನೋ ಫ್ರೇಮೋ ಎಂದು ಕೇಳಿದೆ.

"ಸ್ಯಾರಿ ಗಾರ್ಡು" ಎಂದಳು.

ಕೊಟ್ರಪ್ಪ ಗಿರಣಿಯ ಬೆಲ್ಟು ನೋಡಲು ಎದ್ದು ಹೋದ. ಗಿರಣಿ ಆಗ ನಿಂತಿತ್ತು. ಸುನಂದಾ ಸಿಟ್ಟಿನಿಂದಲೇ ವಿವರಿಸಿದಳು: ಸ್ಯಾರಿ ಗಾರ್ಡು ಇಲ್ಲದೆ ಬೈಕು ಮಾರಲು ಕಾನೂನು ಬಿಡುವುದಿಲ್ಲ. ಆದರೆ ಇಂಥ ಬೈಕಿಗೆ ಅದು ಮದುವೆ ಫೋಟೊದಲ್ಲಿ ಕರೆಂಟು ಕಂಬ ಬಂದಂತೆ. ಅದಕ್ಕೇ ಎಲ್ಲ ಕಂಪನಿಯವರೂ ಎರಡು ಬೋಲ್ಟು ಹಾಕಿ ಅದನ್ನು ತೂಗುಬಿಡುತ್ತಾರೆ, ಕೊಂಡವನು ಶೋರೂಮಿನ ಬಾಗಿಲಲ್ಲೇ ಬಿಚ್ಚಿಸುತ್ತಾನೆ. ಕಾನೂನಿಗೆ ಮರ್ಯಾದೆ, ಗಿರಾಕಿಗೆ ಸ್ಪ್ಯಾನರು. "ಬಿಚ್ಚಿ ಒಗಿಯೋ ಸಾಮಾನು ಮಾಡಾಕ ನಾ ಇಷ್ಟು ಓದಬೇಕಿತ್ತೇನು ಮಾವ?"

ರೊಟ್ಟಿ ತಟ್ಟುತ್ತಿದ್ದ ಬಸಮ್ಮ ಕೈ ನಿಲ್ಲಿಸಲಿಲ್ಲ. "ಚಲೋ ಕೆಲಸನ ಕೊಟ್ಟಾರ ಬಿಡು. ಬಿಚ್ಚಾಕ ಬರದಂಗ ಮಾಡು" ಎಂದಳು.

ಸುನಂದಾ ತಾಯಿಯ ಮೊಣಕೈಯನ್ನೇ ನೋಡಿದಳು. ಮರುದಿನ ಬೆಳಗಿನ ಬಸ್ಸಿಗೇ ಹೊರಟಳು.

ಕೆಲವು ವಾರ ಕಳೆದ ಮೇಲೆ ಅವಳಿಂದ ನನಗೆ ಫೋನು: "ಮಾವ, ಅವ್ವಗ ಹೇಳಿ ಆಕಿ ಹಳೇ ಸೀರಿ ಒಂದಿಷ್ಟು ಕಳಸ್ರಿ. ನೂಲಿಂದು, ರೇಷ್ಮಿದು, ಒಂದು ಇಳಕಲ್ಲು." ಈ ಸುದ್ದಿ ಹರಪನಹಳ್ಳಿಯ ಮನೆಯಲ್ಲಿ ಹಬ್ಬವನ್ನೇ ಎಬ್ಬಿಸಿತು. ಪ್ಯಾಂಟು ಬಿಟ್ಟು ಬೇರೆ ಹಾಕದ ಹುಡುಗಿ ಸೀರೆ ಕೇಳಿದಳೆಂದರೆ ಮದುವೆಗೆ ಮನಸ್ಸು ಮಾಡಿರಬೇಕು! ಬಸಮ್ಮ ಹಳೆಯದನ್ನು ಮುಟ್ಟಲೇ ಇಲ್ಲ. ಪೆಟ್ಟಿಗೆಯ ತಳದಿಂದ ಒಳ್ಳೊಳ್ಳೆಯವನ್ನೇ ತೆಗೆದು, ಮಡಿಕೆಗೊಂದರಂತೆ ನುಸಿಗುಳಿಗೆ ಇಟ್ಟು ಕಳಿಸಿದಳು. ನಾನು ಕೊಟ್ಟೂರಿನಲ್ಲಿ ಒಬ್ಬ ವರನನ್ನೂ ನೋಡಿಟ್ಟೆ. ಆಮೇಲೆ ತಿಳಿಯಿತು, ಆ ಸೀರೆಗಳನ್ನು ತಿರುಗುವ ಚಕ್ರಕ್ಕೆ ಒಡ್ಡಿ ಯಾವುದು ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಪರೀಕ್ಷೆ ಮಾಡುತ್ತಿದ್ದರು. ಚಿಂದಿಯಾದ ಇಳಕಲ್ ಸೀರೆಯ ಫೋಟೊ ಬಂದಾಗ ಬಸಮ್ಮ ಬಹಳ ಹೊತ್ತು ನೋಡಿ, "ಇದರ ಸೆರಗು ಎಷ್ಟು ಚಂದ ಇತ್ತು" ಎಂದಳು. ಕೊಟ್ಟೂರಿನ ವರನಿಗೆ ಏನು ಹೇಳಿದೆನೆಂಬುದನ್ನು ಇಲ್ಲಿ ಬರೆಯುವುದಿಲ್ಲ.

ಸುನಂದಾ ಕಂಡುಕೊಂಡಿದ್ದು ಇಷ್ಟು. ಚಕ್ರ ರಸ್ತೆಯ ಜೊತೆ ಮೇಲೆ ಕೆಳಗೆ ಕುಣಿಯುತ್ತದೆ, ಗಾರ್ಡು ಬೈಕಿನ ಮೈಗೆ ಅಂಟಿ ಸುಮ್ಮನಿರುತ್ತದೆ. ಹಾಗಾಗಿ ಎರಡರ ನಡುವೆ ದೊಡ್ಡ ಸಂದು ಬಿಡಬೇಕು, ಸೆರಗು ನುಗ್ಗುವುದು ಆ ಸಂದಿಗೇ. ಅವಳು ಗಾರ್ಡನ್ನು ಮೈಯಿಂದ ತೆಗೆದು, ಚಕ್ರವನ್ನು ಹಿಡಿದಿರುವ ತೋಳಿಗೇ ಕೂರಿಸಿದಳು. ಚಕ್ರ ಕುಣಿದರೆ ಗಾರ್ಡೂ ಜೊತೆಗೇ ಕುಣಿಯುತ್ತದೆ. ಸಂದು ಬೆರಳಿನಷ್ಟು ಸಾಕು. ದೊಡ್ಡ ಇಂಜಿನಿಯರುಗಳು ಆಕ್ಷೇಪ ಎತ್ತಿದರು: ಚಕ್ರದ ಜೊತೆ ಕುಣಿಯುವ ತೂಕ ಹೆಚ್ಚಾದರೆ ಬೈಕಿನ ನಡೆ ಕೆಡುತ್ತದೆ. ಅದಕ್ಕೆ ಅವಳು ಮಡ್‌ಗಾರ್ಡು, ಚೈನ್ ಕವರು, ನಂಬರ್ ಪ್ಲೇಟು ಹಿಡಿಯುವ ಕಡ್ಡಿ, ಸ್ಯಾರಿ ಗಾರ್ಡು, ಎಲ್ಲವನ್ನೂ ಕೂಡಿಸಿ ಒಳಗೆ ಪೊಳ್ಳಾದ ಒಂದೇ ಸಾಮಾನು ಮಾಡಿದಳು. ತೂಗಿದರೆ ಮೊದಲಿಗಿಂತ ಹಗುರ! ಆಕಾರವೂ ಫ್ರೇಮಿನ ಹಾಗೇ ತ್ರಿಕೋನ ತ್ರಿಕೋನ. ಅಂದಚಂದ ನೋಡಿಕೊಳ್ಳುವ ವಿಭಾಗದವರು ಇದು ಸ್ಯಾರಿ ಗಾರ್ಡು ಎಂಬುದನ್ನೇ ಮರೆತು ಹೊಗಳಿದರಂತೆ.

ಹೋದ ವರ್ಷ ಆ ಬೈಕನ್ನು ತಾನೇ ಓಡಿಸಿಕೊಂಡು ಹರಪನಹಳ್ಳಿಗೆ ಬಂದಳು. ನಾನೂ ಅಲ್ಲಿದ್ದೆ. ಅಂಗಳದಲ್ಲಿ ಸೈಲೆನ್ಸರಿನ ಹೊಸ ವಾಸನೆ, ಸುತ್ತ ಓಣಿಯ ಹುಡುಗರು. ಎದುರಿನ ಮೊಬೈಲ್ ಅಂಗಡಿಯ ಮಂಜುನಾಥ ಮೂರು ಸುತ್ತು ಹಾಕಿ ತೀರ್ಪು ಕೊಟ್ಟ.

"ಅಕ್ಕಾರ, ಗಾಡಿ ಬೆಂಕಿ ಐತ್ರಿ. ಆ ಗಾರ್ಡ್ ಒಂದು ಬಿಚ್ಚಿಸಿಬಿಡ್ರಿ, ಇನ್ನೂ ಖಡಕ್ ಕಾಣ್ತೈತಿ."

"ನೀನ ಬಿಚ್ಚಪ್ಪ" ಎಂದು ಸುನಂದಾ ಸ್ಪ್ಯಾನರು ಕೊಟ್ಟಳು.

ಮಂಜುನಾಥ ಕುಕ್ಕುರುಗಾಲಲ್ಲಿ ಕೂತ. ಬಗ್ಗಿದ. ಇನ್ನೊಂದು ಮಗ್ಗುಲಿಗೆ ಹೋದ. "ಇದನ್ನ ಬಿಚ್ಚಿದ್ರ ನಂಬರ್ ಪ್ಲೇಟೂ ಹೋಕ್ಕೈತಲ್ರಿ?"

"ಹೂಂ."

"ಮಡ್‌ಗಾರ್ಡೂ?"

"ಹೂಂ. ಚೈನ್ ಕವರೂ."

"ಹಂಗಾದ್ರ ಪೊಲೀಸ್ರು ಹಿಡೀತಾರಲ್ರಿ! ಯಾವ ಪುಣ್ಯಾತ್ಮ ಮಾಡ್ಯಾನ್ರಿ ಇದನ್ನ?"

"ನಾನ" ಎಂದಳು ಸುನಂದಾ. ಮಂಜುನಾಥ ಸ್ಪ್ಯಾನರನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಕೊಟ್ಟ.

ಅಷ್ಟಾದರೂ ಬಸಮ್ಮ ಬಾಗಿಲು ಬಿಟ್ಟು ಬಂದಿರಲಿಲ್ಲ. ಮಗಳು ಕರೆದಳು: "ಬಾರವ್ವ, ನೀಲಗುಂದಕ್ಕ ಹೋಗಿ ಬರೂಣು." ತಾಯಿ ಒಲ್ಲೆ ಎಂದರೆ, ಬೈಕನ್ನು ದೇಶವೆಲ್ಲ ಹೊಗಳಿದರೂ ಮಗಳ ಪಾಲಿಗೆ ಆ ಗಾರ್ಡು ಬಿಚ್ಚಿ ಒಗೆಯುವ ಸಾಮಾನೇ ಎಂದು ಸುನಂದಾಳ ಮುಖ ನೋಡಿದರೆ ತಿಳಿಯುತ್ತಿತ್ತು.

ಬಸಮ್ಮ ಹೇಳಿದಳು, "ಮೊದಲು ಚಕ್ರ ತಿರುಗಿಸಿ ತೋರಸು."

ಕೊಟ್ರಪ್ಪ ಗಿರಣಿಯಿಂದ ಮರದ ತುಂಡುಗಳನ್ನು ತಂದು, ಹುಡುಗರ ಕೈಯಲ್ಲಿ ಎತ್ತಿಸಿ, ಹಿಂದಿನ ಚಕ್ರ ನೆಲ ಬಿಡುವಂತೆ ನಿಲ್ಲಿಸಿದ. ಸುನಂದಾ ಗೇರ್ ಹಾಕಿದಳು. ಚಕ್ರ ಗುಂಯ್ ಎಂದಿತು. ಬಸಮ್ಮ ಹಗ್ಗದ ಮೇಲೆ ಒಣಗುತ್ತಿದ್ದ ಸೀರೆಯನ್ನು ಬಟ್ಟೆ ಹಾಕುವ ಗಳುವಿನ ತುದಿಗೆ ಸಿಕ್ಕಿಸಿ, ದೂರದಲ್ಲಿ ನಿಂತು, ಅದನ್ನು ಚಕ್ರದ ಮೇಲೆ ಇಳಿಬಿಟ್ಟಳು. ಸೀರೆ ತ್ರಿಕೋನಗಳ ಮೇಲೆ ಜಾರಿ ಹೊರಗೆ ಬಿತ್ತು. ಹಿಂದಿನಿಂದ ಬಿಟ್ಟಳು. ಕೆಳಗಿನಿಂದ ತೂರಿಸಿದಳು. ಒದ್ದೆ ಮಾಡಿ ಬಿಟ್ಟಳು. ನಮ್ಮ ಇಲಾಖೆಯಲ್ಲಿ ಬಸ್ಸುಗಳಿಗೆ ಇಷ್ಟು ನಿಷ್ಠೆಯಿಂದ ತಪಾಸಣೆ ಆಗಿದ್ದರೆ ನನ್ನ ಅರ್ಧ ಕೆಲಸ ಉಳಿಯುತ್ತಿತ್ತು. ಕೊನೆಗೆ ಗಳುವನ್ನು ಗೋಡೆಗೆ ಒರಗಿಸಿ, ಸೆರಗು ಸರಿಮಾಡಿಕೊಂಡು, "ಹೆಲ್ಮೆಟ್ ಕೊಡು" ಎಂದಳು.

ಎರಡೂ ಕಾಲು ಎಡಕ್ಕೆ ಬಿಟ್ಟು ಕೂತಳು. ಆ ಪುಟ್ಟ ಸೀಟಿನ ಬಗ್ಗೆ ಒಂದು ಮಾತು ಅಂದೇ ಕೂತಳು, "ಇಷ್ಟು ಓದಿದ್ದಿ, ಇನ್ನೊಂದು ಗೇಣು ಸೀಟು ಹಾಕಾಕ ಬರಲಿಲ್ಲೇನು?" ಹಿಂದೆ ಕೊಟ್ರಪ್ಪನ ಹಳೇ ಬೈಕಿನಲ್ಲಿ ನಾವಿಬ್ಬರು. ಆ ತಿರುವು ಹತ್ತಿರ ಬಂದಾಗ ಅವನ ಹೆಗಲು ಬಿಗಿಯಾಯಿತು.

"ಭಾವ, ನಾ ರಸ್ತಿ ನೋಡ್ತೀನಿ. ನೀವು ಸೆರಗು ನೋಡ್ರಿ."

ನೋಡಿದೆ. ಬೈಕು ತಿರುವಿಗೆ ವಾಲಿತು. ಗಾಳಿಗೆ ಸೆರಗಿನ ತುದಿ ಸೊಂಟದಿಂದ ಬಿಡಿಸಿಕೊಂಡು ಚಕ್ರದ ಕಡೆಗೆ ಇಳಿಯಿತು. ತ್ರಿಕೋನಗಳನ್ನು ಸವರಿತು. ಮತ್ತೆ ಗಾಳಿಗೆ ಎದ್ದಿತು. ಅಷ್ಟೇ. "ಏನಾತ್ರಿ?" ಎಂದ ಕೊಟ್ರಪ್ಪ. ನನ್ನ ಜೀವಮಾನದಲ್ಲಿ ಅಂಥ ಘೋಷಣೆಯನ್ನು ಯಾವ ಮೈಕಿನಲ್ಲೂ ಮಾಡಿದವನಲ್ಲ: "ಏನೂ ಆಗಲಿಲ್ಲ, ನಡಿ."

ನೀಲಗುಂದದಲ್ಲಿ ಇಳಿದಾಗ ಬಸಮ್ಮ ನಮ್ಮಿಬ್ಬರನ್ನು ನೋಡಿ, "ನೀವ್ಯಾಕ ದೆವ್ವ ಕಂಡೋರಂಗ ಬಂದೀರಿ?" ಎಂದಳು. ಕೊಟ್ರಪ್ಪ ಮುಖ ಒರೆಸಿಕೊಂಡ. ಅಂದು ಅದರ ಮೇಲೆ ಹಿಟ್ಟಿರಲಿಲ್ಲ.

ಇಷ್ಟು ಬರೆಯುವ ಹೊತ್ತಿಗೆ ಮಧ್ಯಾಹ್ನವಾಗಿದೆ. ಇಂದು ಭಾನುವಾರ, ತಾಯಿ ಮಗಳು ಅದೇ ಬೈಕಿನ ಮೇಲೆ ಹರಪನಹಳ್ಳಿಯಿಂದ ನಮ್ಮ ಮನೆಗೆ ಊಟಕ್ಕೆ ಬಂದಿದ್ದಾರೆ. ಹೊರಗೆ ನಿಂತ ಬೈಕನ್ನು ನೋಡಿ ಎದುರು ಮನೆಯವರು ರಸ್ತೆ ದಾಟಿ ಬಂದರು. "ಈ ಇಡೀ ಬೈಕು ನಿಮ್ಮ ಸೊಸಿನ ಮಾಡ್ಯಾಳ ಅಂತಿದ್ರಲ್ರಿ, ಖರೇನ?" ಎಂದು ಕೇಳಿದರು.

ಅವರನ್ನು ಕೈಹಿಡಿದು ಬೈಕಿನ ಎಡಮಗ್ಗುಲಿಗೆ ಕರೆದುಕೊಂಡು ಹೋದೆ. ಮೊಣಕಾಲು ಬಗ್ಗದಿದ್ದರೂ ಬಗ್ಗಿ ತೋರಿಸಿದೆ.

"ಇಲ್ರಿ. ಇಡೀ ಬೈಕು ಮಾಡೋರು ಬೇಕಾದಷ್ಟು ಮಂದಿ ಅದಾರ. ನಮ್ಮಾಕಿ ಮಾಡಿದ್ದು ಇದೊಂದು."